ಜಾಗೀರು ಹೋಯಿತು, ಸರ್ವೆ ನಂಬರು ಉಳಿಯಿತು

ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳ ಜಿಲ್ಲೆಗಳಲ್ಲಿ ಜಮೀನಿನ ತಕರಾರು ಕೋರ್ಟಿನಲ್ಲಿ ಸ್ವಲ್ಪ ಬೆಳೆಯಿತೆಂದರೆ ಮಾತು 1948ಕ್ಕೆ ಹೋಗಿ ನಿಲ್ಲುತ್ತದೆ. ‘ಪೊಲೀಸ್ ಆ್ಯಕ್ಷನ್‌ಗೂ ಮುಂಚಿನಿಂದ ಬಿತ್ತಿ ಬೆಳೆದವರು ನಾವು’ ಎಂದು ಒಂದು ಕಡೆಯವರು, ‘ಜಾಗೀರು ಹೋದಾಗಲೇ ಪಟ್ಟಾ ನಮ್ಮಜ್ಜನ ಹೆಸರಿಗೆ ಬಂತು’ ಎಂದು ಇನ್ನೊಂದು ಕಡೆಯವರು. ಎಷ್ಟೋ ಸಲ ಎರಡೂ ನಿಜವಾಗಿರುತ್ತದೆ. ಯಾವುದು ಯಾವ ವರ್ಷದ ನಿಜ ಎಂದು ಕಾಗದದಲ್ಲಿ ತೋರಿಸುವುದೇ ನಮ್ಮ ಕೆಲಸ. ನಾವೆಂದರೆ ಹಳೆಯ ಉರ್ದು ದಫ್ತರ ಓದುವವರು, ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ) ಬಿಡಿಸಬಲ್ಲ ಸರ್ವೆಯವರು, ವಕೀಲರ ಜೊತೆ ಕೂತು ಕಡತ ಕಟ್ಟುವವರು.

ಈ ಜಿಲ್ಲೆಗಳನ್ನು ಆಳುತ್ತಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 13ರಿಂದ 17ರ ನಡುವೆ, ‘ಪೊಲೀಸ್ ಆ್ಯಕ್ಷನ್’ ಎಂದು ಕರೆದ ಭಾರತೀಯ ಸೇನೆಯ ಕಾರ್ಯಾಚರಣೆಯಲ್ಲಿ, ಐದು ದಿನದಲ್ಲಿ. ಅದರ ಕಂದಾಯ ವ್ಯವಸ್ಥೆ ಕಳಚಿಕೊಳ್ಳಲು ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಮೊದಲು ಊರಿನ ಕಂದಾಯ ತಾನೇ ಎತ್ತಿಕೊಳ್ಳುತ್ತಿದ್ದ ಜಾಗೀರುದಾರ ಹೋದ, ಆಮೇಲೆ ನಾಣ್ಯ, ಆಮೇಲೆ ದಫ್ತರದ ಭಾಷೆ, ಆಮೇಲೆ ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಪಟವಾರಿ, ಕಟ್ಟಕಡೆಗೆ ಗೇಣಿ. ಸರ್ವೆ ನಂಬರು ಹೋಗಲೇ ಇಲ್ಲ. ಈ ಅನುಕ್ರಮ ಗೊತ್ತಿಲ್ಲದೆ ದಾಖಲೆ ಹುಡುಕಲು ಹೊರಟವರು 1948ರಲ್ಲಿ ಎಲ್ಲವೂ ಒಮ್ಮೆಗೇ ಬದಲಾಯಿತು ಎಂದು ನಂಬಿಕೊಂಡು, ಇರುವ ಕಾಗದವನ್ನೂ ಇಲ್ಲವೆಂದು ಬಿಟ್ಟುಬರುತ್ತಾರೆ. ಬಳ್ಳಾರಿಯವರಿಗೆ ಈ ದಾರಿ ಅನ್ವಯಿಸುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಸೇರಿದ್ದರೂ ಬಳ್ಳಾರಿ 1800ರಿಂದ ಮದ್ರಾಸಿನ ಕೈಯಲ್ಲಿತ್ತು, ಅಲ್ಲಿನ ದಫ್ತರದ ಜಾಡೇ ಬೇರೆ.

ನಾವು ಯಾವಾಗಲೂ ಇಂದಿನಿಂದ ಹಿಂದಕ್ಕೆ ಹೋಗುತ್ತೇವೆ. ಹಳೆಯ ತುದಿಯಿಂದ ಹೊರಟರೆ ಒಂದು ಪಟ್ಟೇದಾರನ (ಕಂದಾಯ ದಾಖಲೆಯಲ್ಲಿ ಹೆಸರಿರುವ ಹಿಡುವಳಿದಾರನ) ಹೆಸರಿಂದ ಹತ್ತು ಕವಲು ಒಡೆದು, ಯಾವುದು ನಮ್ಮ ಜಮೀನಿನದು ಎಂದು ತಿಳಿಯುವುದೇ ಕಷ್ಟವಾಗುತ್ತದೆ. ಇಂದಿನ ತುದಿಯಿಂದ ಹೊರಟರೆ ಪ್ರತಿ ದಾಖಲೆಯೂ ತನ್ನ ಹಿಂದಿನದರ ನಂಬರನ್ನು ಹೇಳುತ್ತದೆ.

ಮೊದಲು ಸರ್ಕಾರದ ಗಣಕೀಕೃತ ದಾಖಲೆ ‘ಭೂಮಿ’ಯ ಪಹಣಿ. ಕಾಲಂ 3ರಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಭಾಗ), 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಆ ಹೆಸರು ಬಂದ ರೀತಿ, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಎಲ್ಲರೂ 9ನ್ನು ನೋಡಿ ಮಡಚಿಡುತ್ತಾರೆ. ಹಿಂದಕ್ಕೆ ಒಯ್ಯುವುದು ಕಾಲಂ 10. ಅಲ್ಲಿ ಮ್ಯುಟೇಷನ್ ನಂಬರು, ವರ್ಷ ಇರುತ್ತದೆ. ಆ ಮ್ಯುಟೇಷನ್ ದಾಖಲೆ (ಎಂ.ಆರ್.) ತೆಗೆಸಿದರೆ ಅದು ಹಿಂದಿನ ಖಾತೆದಾರನನ್ನು ಹೇಳುತ್ತದೆ, ಅವನ ಪಹಣಿಯ ಕಾಲಂ 10 ಅದಕ್ಕೂ ಹಿಂದಿನದನ್ನು. ಈ ಸರಪಳಿ ಎಲ್ಲಿ ತುಂಡಾಗುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ತಕರಾರಿನ ಬೇರು ಬಹುತೇಕ ಅಲ್ಲೇ ಇರುತ್ತದೆ. ಹೆಚ್ಚಾಗಿ ಮೊದಲ ತುಂಡು ಸಿಗುವುದು ಕೈಬರಹದಿಂದ ಗಣಕಕ್ಕೆ ದಾಟಿದ ಜಾಗದಲ್ಲಿ. ಬೆರಳಚ್ಚು ಮಾಡುವಾಗ ಕಾಲಂ 9ಕ್ಕೆ ಸಿಕ್ಕ ಕಾಳಜಿ 11 ಮತ್ತು 12ಕ್ಕೆ ಸಿಗಲಿಲ್ಲ. ಕೈಬರಹದಲ್ಲಿ ‘ಇನಾಂ’, ‘ರಕ್ಷಿತ ಗೇಣಿ’, ‘ತಗಾವಿ ಸಾಲ’ ಎಂದು ಇದ್ದ ಷರಾಗಳು ಬಿಟ್ಟುಹೋಗಿರುತ್ತವೆ. ಆದ್ದರಿಂದ ಗಣಕದ ಪ್ರತಿ ಎಷ್ಟೇ ಸ್ವಚ್ಛವಾಗಿರಲಿ, ಅದಕ್ಕೆ ಮುಂಚಿನ ಕೊನೆಯ ಕೈಬರಹದ ಪಹಣಿಯನ್ನು ಪಕ್ಕದಲ್ಲಿಟ್ಟು ಕಾಲಂ ಕಾಲಂ ತಾಳೆ ನೋಡದೆ ನಾವು ಮುಂದೆ ಹೋಗುವುದಿಲ್ಲ.

ವಿಸ್ತೀರ್ಣದ ಲೆಕ್ಕವನ್ನೂ ಈಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಮೂಲ ಸರ್ವೆ ನಂಬರು 18 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಅದು ಮೂರು ಹಿಸ್ಸೆಯಾಗಿ 6-10, 6-05, 5-35 ಎಂದು ಒಡೆದಿದೆ, 10 ಗುಂಟೆ ಖರಾಬು. ಗುಂಟೆಗೆ ಇಳಿಸಿದರೆ 250, 245, 235, ಖರಾಬಿನ 10 ಸೇರಿ 740. ಮೂಲ ನಂಬರೂ 740 ಗುಂಟೆ, ತಾಳೆ ಕೂತಿತು. ಇದನ್ನೇ ದಶಮಾಂಶವೆಂದು ತಿಳಿದು 6.10, 6.05, 5.35 ಕೂಡಿದರೆ 17.50 ಬಂದು, ಖರಾಬು ಸೇರಿಸಿದರೂ ಅರ್ಧ ಎಕರೆಗೂ ಹೆಚ್ಚು ‘ಕಳೆದುಹೋದ’ ಜಮೀನು ಹುಟ್ಟಿಕೊಳ್ಳುತ್ತದೆ. ಇಲ್ಲದ ಒತ್ತುವರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಿವೆ. ಕೂಡುವ ಮುಂಚೆ ಎಲ್ಲವನ್ನೂ ಗುಂಟೆಗೆ ಇಳಿಸಬೇಕು, ಅಷ್ಟೇ.

ಕೈಬರಹದ ಪಹಣಿಗಳಲ್ಲಿ ನಾವು ತಪ್ಪದೆ ತೆಗೆಸುವುದು 1973-74ರದ್ದು ಮತ್ತು ಅದರ ಹಿಂದಿನ ಕೆಲವು ವರ್ಷಗಳದ್ದು. 1974ರ ಮಾರ್ಚ್ 1ರಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಭೂಸುಧಾರಣೆ ಕಾನೂನಿನ 44ನೇ ಕಲಂ ಪ್ರಕಾರ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿ ಒಪ್ಪಿದರೆ ನಮೂನೆ 10ರಲ್ಲಿ ಹಕ್ಕುಪತ್ರ ಪಡೆಯಬೇಕಿತ್ತು. ಅರ್ಜಿಯ ಕೊನೆಯ ಗಡುವು 1979ರ ಜೂನ್ 30. ಗೆಲುವು ಸೋಲು ನಿಂತದ್ದು ಆ ವರ್ಷಗಳ ಕಾಲಂ 12ರ ಮೇಲೆ. ಅಲ್ಲಿ ಗೇಣಿದಾರನ ಹೆಸರಿದ್ದರೆ ಅರ್ಜಿಗೆ ಬಲ, ‘ಸ್ವಂತ’ ಎಂದಿದ್ದರೆ ಅವನು ಬೇರೆ ಸಾಕ್ಷಿ ಹುಡುಕಬೇಕು. ಕಾನೂನು ಬರುತ್ತದೆ ಎಂಬ ಸುದ್ದಿ 1961ರಿಂದಲೇ ಇತ್ತು, ಭೂಸುಧಾರಣೆಯ ಮೊದಲ ಕಾನೂನು 1965ರ ಅಕ್ಟೋಬರ್ 2ರಂದೇ ಜಾರಿಗೆ ಬಂದಿತ್ತು. ಹಾಗಾಗಿ ಅರವತ್ತರ ದಶಕದ ನಡುವಿನಲ್ಲಿ ಗೇಣಿದಾರನ ಹೆಸರು ಹೋಗಿ ‘ಸ್ವಂತ’ ಎಂದು ಬಂದಿದ್ದರೆ ನಾವು ಅಲ್ಲಿ ನಿಂತು ಅದಕ್ಕೆ ಆಧಾರವಾದ ಆದೇಶ ಯಾವುದು ಎಂದು ಕೇಳುತ್ತೇವೆ. ಗೇಣಿ ಬಿಟ್ಟುಕೊಟ್ಟ ರಾಜೀನಾಮೆ ಇರಬೇಕು, ಅದನ್ನು ತಹಸೀಲ್ದಾರ ವಿಚಾರಿಸಿ ಒಪ್ಪಿದ ಕಾಗದ ಇರಬೇಕು. ಎರಡೂ ಇಲ್ಲದೆ ಹೆಸರು ಮಾತ್ರ ಮಾಯವಾಗಿದ್ದರೆ ಅದು ಕಡತದಲ್ಲಿ ಮುಖ್ಯವಾದ ಸಾಕ್ಷಿ.

ಇನ್ನೂ ಹಿಂದೆ ಹೋದಾಗ ಬರವಣಿಗೆಯ ಕೈ ಬದಲಾಗುವ ಒಂದು ಗೆರೆ ಸಿಗುತ್ತದೆ. 1963ರ ಫೆಬ್ರವರಿ 1ರಂದು ಗ್ರಾಮ ಹುದ್ದೆಗಳ ರದ್ದತಿ ಕಾನೂನು ಜಾರಿಗೆ ಬಂದು ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ ಎಂಬ ವತನದ ಹುದ್ದೆಗಳು ಮುಗಿದವು. ಸಂಬಳದ ಗ್ರಾಮ ಲೆಕ್ಕಿಗ ಬಂದ. ಗಮನಿಸಬೇಕಾದ್ದು ಇದು: ನಿಜಾಮನ ಆಳ್ವಿಕೆ ಹೋಗಿ ಹದಿನಾಲ್ಕು ವರ್ಷದವರೆಗೂ, ಮಿಲಿಟರಿ ಗವರ್ನರ್ ಚೌಧರಿಯವರ ಕಾಲದಲ್ಲಿ, ವೆಲ್ಲೋಡಿಯವರ ಕಾಲದಲ್ಲಿ, 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣರಾಯರ ಸರ್ಕಾರದಲ್ಲಿ, 1956ರ ನಂತರ ಮೈಸೂರು ರಾಜ್ಯದಲ್ಲೂ, ಹಳ್ಳಿಯ ಪಹಣಿ ಬರೆದದ್ದು ಅದೇ ಮನೆತನ. ಮೇಲಿನ ಅಧಿಕಾರಿಗಳ ಹೆಸರು ಬದಲಾಯಿತು. ಅವ್ವಲ್ ತಾಲೂಕ್‌ದಾರ ಕಲೆಕ್ಟರಾದ, ದುವ್ವಮ್ ತಾಲೂಕ್‌ದಾರ ಡೆಪ್ಯುಟಿ ಕಲೆಕ್ಟರಾದ. ತಹಸೀಲ್ದಾರ ತಹಸೀಲ್ದಾರನಾಗಿಯೇ ಉಳಿದ. ದಫ್ತರ ಪಟವಾರಿಯ ಮನೆಯ ಸಂದೂಕದಲ್ಲೇ ಇತ್ತು. ಜಮೀನ್ದಾರನ ನೆಂಟನೋ ನೆರೆಯವನೋ ಆಗಿದ್ದ ಪಟವಾರಿಯೇ ಗೇಣಿದಾರನ ಹಕ್ಕನ್ನು ದಾಖಲಿಸಬೇಕಿದ್ದರಿಂದ ಐವತ್ತರ ದಶಕದ ಕಾನೂನುಗಳು ಹಾಳೆಯ ಮೇಲೆ ಇದ್ದಷ್ಟು ಹೊಲದಲ್ಲಿ ಇಳಿಯಲಿಲ್ಲ. ಇದನ್ನು ಖಚಿತವಾಗಿ ಹೇಳುತ್ತೇವೆ, ಏಕೆಂದರೆ ಅದೇ ಕೈಬರಹ 1945ರಲ್ಲೂ 1960ರಲ್ಲೂ ಕಣ್ಣಿಗೆ ಬೀಳುತ್ತದೆ. ಅನುಕೂಲವೂ ಒಂದಿದೆ: 1963ರಲ್ಲಿ ಹಸ್ತಾಂತರವಾಗದ ಬಿಡಿ ಕಾಗದಗಳು ಹಳೆಯ ಪಟವಾರಿ ಮನೆತನಗಳಲ್ಲಿ ಉಳಿದಿರುವುದುಂಟು. ಕೋರ್ಟಿಗೆ ಅವು ನೇರ ಸಾಕ್ಷಿಯಾಗದಿದ್ದರೂ, ಸರ್ಕಾರಿ ದಫ್ತರದಲ್ಲಿ ಯಾವ ವರ್ಷದ ಯಾವ ಪುಸ್ತಕ ಕೇಳಬೇಕೆಂಬ ಸುಳಿವು ಕೊಡುತ್ತವೆ.

ಈಗ ಬರುವುದು 1954-55ರ ಖಾಸ್ರಾ ಪಹಣಿ. ಇಡೀ ಹುಡುಕಾಟದ ನಡುಗಂಬ ಇದು. 1358 ಫಸಲಿಯ (ಫಸಲಿ ಎಂದರೆ ನಿಜಾಮನ ಕಂದಾಯ ವರ್ಷ, ಅದನ್ನು ಇಸವಿಗೆ ತರುವ ಲೆಕ್ಕ ಮುಂದೆ ಇದೆ) ಹಕ್ಕುದಾಖಲೆ ನಿಯಮದ ಆಧಾರದ ಮೇಲೆ ಪ್ರತಿ ಸರ್ವೆ ನಂಬರಿನ ಪಟ್ಟೇದಾರ ಯಾರು, ‘ಕಾಬಿಜ್’ ಅಂದರೆ ಸ್ವಾಧೀನದಲ್ಲಿ ಇರುವವ ಯಾರು, ಯಾವ ಆಧಾರದ ಮೇಲೆ ಇದ್ದಾನೆ ಎಂದು ಬೇರೆ ಬೇರೆ ಕಾಲಂಗಳಲ್ಲಿ ಬರೆದ ದಾಖಲೆ. ಜಾಗೀರು ಹೋದಮೇಲೆ, ಮೈಸೂರು ರಾಜ್ಯಕ್ಕೆ ಸೇರುವ ಮೊದಲು, ನಡುವಿನ ಆ ಕಿರಿದಾದ ಅವಧಿಯಲ್ಲಿ ಹೊಲದ ಸ್ಥಿತಿ ಹೇಗಿತ್ತು ಎಂದು ತೋರಿಸುವ ಇಷ್ಟು ವ್ಯಾಪಕವಾದ ದಾಖಲೆ ಇನ್ನೊಂದಿಲ್ಲ. ಖಾಸ್ರಾ ಓದುವಾಗ ಪಟ್ಟೇದಾರನ ಕಾಲಂ ಒಂದನ್ನೇ ನಕಲು ಮಾಡಿಸಿದರೆ ಅರ್ಧ ಓದಿದಂತೆ. ‘ಖುದ್‌ಕಾಷ್ತ್’ ಎಂದಿದ್ದರೆ ಪಟ್ಟೇದಾರ ಸ್ವತಃ ಸಾಗುವಳಿ ಮಾಡುತ್ತಿದ್ದ. ‘ಕೌಲ್’ ಎಂದಿದ್ದರೆ ಕರಾರಿನ ಗೇಣಿ. ‘ಶಿಕ್ಮಿ’ ಎಂದಿದ್ದರೆ ಪಟ್ಟೇದಾರನ ಕೈಕೆಳಗಿನ ಹಕ್ಕುದಾರ. ಷರಾ ಕಾಲಂನಲ್ಲಿ ಹಿಂದಿನ ಆದೇಶದ ನಂಬರು ಇರಬಹುದು. ಹಾಳೆಯ ಅಂಚು ಹರಿದು ಅದು ಹೋಗಿದ್ದರೆ ಅದೇ ನಂಬರಿನ 1955-56ರ ಪಹಣಿ ಕೇಳಬೇಕು. ಅನೇಕ ಸಲ ಷರಾ ಅಲ್ಲಿಗೆ ಹಾಗೇ ಇಳಿದಿರುತ್ತದೆ.

ಖಾಸ್ರಾ ಓದುವಾಗ ಒಂದು ಎಚ್ಚರಿಕೆ ಬೇಕು, ಅದನ್ನು ಮುಚ್ಚಿಡುವುದು ಸರಿಯಲ್ಲ. 1948ರಲ್ಲಿ ಈ ಜಿಲ್ಲೆಗಳು ಎರಡು ಸಲ ಬೆಂದವು. ಮೊದಲು ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಊರಿಗೆ ಊರೇ ಸೊಲ್ಲಾಪುರದ ಕಡೆಗೋ ತುಂಗಭದ್ರೆಯ ಆಚೆಗೋ ಹೋಯಿತು. ಸೆಪ್ಟೆಂಬರ್ ನಂತರ ಮುಸ್ಲಿಂ ಕುಟುಂಬಗಳ ಮೇಲೆ ಕೊಲೆ, ಲೂಟಿ ನಡೆದವು. ಕೇಂದ್ರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರನ್ನು ಹೆಸರಿಸಿತು. ಉಳಿದೆರಡು ಉಸ್ಮಾನಾಬಾದ್, ನಾಂದೇಡ. ಊರು ಬಿಟ್ಟವರ ಹೊಲವನ್ನು ಯಾರು ಬಿತ್ತಿದರೋ 1954-55ರಲ್ಲಿ ಅವರೇ ‘ಕಾಬಿಜ್’ ಎಂದು ದಾಖಲಾಗಿರಬಹುದು. ಆದ್ದರಿಂದ ಖಾಸ್ರಾದ ಸ್ವಾಧೀನದ ಹೆಸರನ್ನು 1356 ಮತ್ತು 1357 ಫಸಲಿಯ ಪಹಣಿಯ ಹೆಸರಿನ ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಮಾರಾಟವೂ ಇಲ್ಲದೆ, ವಿರಾಸತ್ತೂ (ವಾರಸುದಾರಿಕೆ) ಇಲ್ಲದೆ, ಆದೇಶವೂ ಇಲ್ಲದೆ ಹೆಸರು ಬದಲಾಗಿದ್ದರೆ ಆ ವಿಷಯ ಯಾರ ಪರವಾಗಿದ್ದರೂ ವರದಿಯಲ್ಲಿ ಬರೆಯುತ್ತೇವೆ.

ಖಾಸ್ರಾದ ಜೊತೆಗೇ ನೋಡಬೇಕಾದ್ದು ರಕ್ಷಿತ ಗೇಣಿದಾರರ ಪಟ್ಟಿ. ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾನೂನು 1950ರ ಜೂನ್ 10ರಂದು ಜಾರಿಗೆ ಬಂತು. ಅದರ 34ನೇ ಕಲಂ ಯಾರು ರಕ್ಷಿತ ಗೇಣಿದಾರ ಎಂದು ಹೇಳುತ್ತದೆ: 1342ರಿಂದ 1352 ಫಸಲಿಯೊಳಗೆ ಸತತ ಆರು ವರ್ಷ ಸಾಗುವಳಿ ಮಾಡಿದವನು, ಅಥವಾ 1948ರ ಜನವರಿ 1ಕ್ಕೆ ಮುಂಚಿನ ಸತತ ಆರು ವರ್ಷ, ಅಥವಾ 1353 ಫಸಲಿಯ ಮೊದಲ ದಿನದ ನಂತರ ಶುರುವಾಗಿ ಕಾನೂನು ಬರುವುದರೊಳಗೆ ಮುಗಿದ ಆರು ವರ್ಷ. ಗಣರಾಜ್ಯದ ಕಾನೂನು ನಿಜಾಮನ ಪಂಚಾಂಗದಲ್ಲಿ ವರ್ಷ ಎಣಿಸುತ್ತಿದೆ. ಬೇರೆ ದಾರಿಯೂ ಇರಲಿಲ್ಲ, ಏಕೆಂದರೆ ಗೇಣಿದಾರನ ಹಕ್ಕನ್ನು ಸಾಬೀತು ಮಾಡಬಲ್ಲ ಕಾಗದವೆಲ್ಲ ನಿಜಾಮನ ಪಟವಾರಿ ಬರೆದದ್ದೇ. ಗೇಣಿದಾರನಿಗೆ ರಕ್ಷಣೆ ಕೊಡುವ ವಿಚಾರವೂ 1950ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1354 ಫಸಲಿಯಲ್ಲೇ ಅಸಾಮಿ ಶಿಕ್ಮಿ ಕಾನೂನು ಬಂದಿತ್ತು. ಆ ಕಾನೂನಿನಡಿ ಯಾರಾದರೂ ಅರ್ಜಿ ಕೊಟ್ಟಿದ್ದರೆ ಅದರ ನಡಾವಳಿ 1950ರ ಹಕ್ಕಿಗೂ ಆಧಾರ ಒದಗಿಸುತ್ತದೆ. ಈ ಪಟ್ಟಿ ಗ್ರಾಮವಾರು ಇರುತ್ತದೆ, ಸರ್ವೆ ನಂಬರಿನ ಅನುಕ್ರಮದಲ್ಲಿ ಇರಲೇಬೇಕೆಂದಿಲ್ಲ. ಹೆಸರಿನಿಂದಲೂ ನಂಬರಿನಿಂದಲೂ ಎರಡು ಸಲ ಹುಡುಕುವುದು ನಮ್ಮ ರೂಢಿ.

ಇನ್ನು 1949. ಇಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ಊರು ಯಾವ ಬಗೆಯದಾಗಿತ್ತು ಎಂಬುದು. ಹೈದರಾಬಾದ್ ಸಂಸ್ಥಾನದಲ್ಲಿ ಸುಮಾರು ಶೇ. 60ರಷ್ಟು ಭೂಮಿ ದಿವಾನಿ ಅಥವಾ ಖಾಲ್ಸಾ, ಅಂದರೆ ಸರ್ಕಾರ ನೇರವಾಗಿ ರೈತನಿಂದ ಕಂದಾಯ ಎತ್ತುತ್ತಿದ್ದದ್ದು. ಸುಮಾರು ಶೇ. 10 ಸರ್ಫ್-ಎ-ಖಾಸ್, ನಿಜಾಮನ ಖಾಸಗಿ ಆದಾಯದ ಊರುಗಳು. ಉಳಿದ ಶೇ. 30ರಷ್ಟು ಪಾಯಗಾ (ಸೈನ್ಯ ಸಾಕಲು ಕೊಟ್ಟ ದೊಡ್ಡ ಜಾಗೀರು), ಜಾಗೀರು, ಸಂಸ್ಥಾನ ಮುಂತಾದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಇಂದಿನ ಬಸವಕಲ್ಯಾಣ ಕಲ್ಯಾಣಿ ನವಾಬರ ಜಾಗೀರು. ರಾಯಚೂರು ಕಡೆ ಗುರುಗುಂಟ, ಆನೆಗೊಂದಿ ಸಂಸ್ಥಾನಗಳು. ಸರ್ಫ್-ಎ-ಖಾಸ್ 1949ರ ಫೆಬ್ರವರಿಯಲ್ಲಿ ದಿವಾನಿಗೆ ಸೇರಿತು. ಜಾಗೀರು ರದ್ದತಿ ನಿಯಮ ಹೊರಬಿದ್ದದ್ದು 1949ರ ಆಗಸ್ಟ್ 15ರಂದು. ಜಾಗೀರು ಆಡಳಿತಾಧಿಕಾರಿ ಊರುಗಳನ್ನು ವಶಕ್ಕೆ ತೆಗೆದುಕೊಂಡ, ಜಾಗೀರುದಾರರಿಗೆ ಕಳೆದುಕೊಂಡ ಆದಾಯದ ಬದಲಿಗೆ ಇಂತಿಷ್ಟು ಹಣ ಎಂದು 1950ರ ಆರಂಭದಲ್ಲಿ ಇನ್ನೊಂದು ನಿಯಮ ನಿಗದಿ ಮಾಡಿತು.

ಇಲ್ಲಿ ಬಹಳ ಜನ ಎಡವುತ್ತಾರೆ. ಜಾಗೀರು ಎಂದರೆ ಊರಿನ ಕಂದಾಯ ಎತ್ತಿಕೊಳ್ಳುವ ಹಕ್ಕು. ಹೊಲದ ಪಟ್ಟಾ ಅದರ ಕೆಳಗಿನ ಬೇರೆ ಹಕ್ಕು. ಜಾಗೀರು ರದ್ದಾದಾಗ ಕಂದಾಯದ ಹಕ್ಕು ಸರ್ಕಾರಕ್ಕೆ ಹೋಯಿತು, ಪಟ್ಟೇದಾರ ಪಟ್ಟೇದಾರನಾಗಿಯೇ ಉಳಿದ. ಅವನು ಕಂದಾಯ ಕಟ್ಟುವ ಕಚೇರಿ ಬದಲಾಯಿತು, ಅಷ್ಟೇ. ಆದ್ದರಿಂದ ‘ಜಾಗೀರು ಹೋದಾಗ ಪಟ್ಟಾ ಬಂತು’ ಎಂಬ ಮಾತನ್ನು ಹಾಗೇ ಒಪ್ಪಲಾಗದು. ಜಾಗೀರುದಾರ ತಾನೇ ಸಾಗುವಳಿ ಮಾಡಿಸುತ್ತಿದ್ದ ಹೊಲಗಳು ಬೇರೆ ಲೆಕ್ಕ, ಅವು ಅವನ ಹೆಸರಿನಲ್ಲೇ ಪಟ್ಟಾ ಆಗಿ ಮುಂದುವರಿಯಲು ಅವಕಾಶವಿತ್ತು. ಇನಾಂ ಇನ್ನೂ ಬೇರೆ. ಗುಡಿ, ದರ್ಗಾ, ಮಸೀದಿ, ಮಠ, ಊರ ಚಾಕರಿಗಾಗಿ ಬಿಟ್ಟ ಜಮೀನುಗಳು 1949ರಲ್ಲಿ ಕದಲಲಿಲ್ಲ. ಅವುಗಳ ರದ್ದತಿಗೆ ಬೇರೆ ಕಾನೂನು ಬರಬೇಕಾಯಿತು. ಇನಾಮಿನ ಹಕ್ಕು ನೋಡಲು ‘ಮುಂತಖಬ್’ ಎಂಬ ಮಂಜೂರಾತಿ ಸಾರ ಬೇಕು. ಅದು ತಹಸೀಲಿನ ಪಹಣಿ ಪುಸ್ತಕಗಳ ನಡುವೆ ಸಿಗುವುದಿಲ್ಲ, ಅತಿಯಾತ್ (ಇನಾಂ, ಜಾಗೀರು ಮಂಜೂರಾತಿ) ವಿಚಾರಣೆಯ ಕಡತಗಳಲ್ಲಿ ಹುಡುಕಬೇಕು.

ದಿವಾನಿ ಊರಾಗಿದ್ದರೆ 1948ರ ಗೆರೆಯನ್ನು ದಾಟಿದ್ದೇ ಗೊತ್ತಾಗುವುದಿಲ್ಲ. ಪುಸ್ತಕ ಅದೇ, ಕಾಲಂ ಅದೇ. ಜಾಗೀರು ಊರಾಗಿದ್ದರೆ ದಾಖಲೆ ಅಲ್ಲಿಗೆ ಕಡಿದುಹೋಗಬಹುದು. ದೊಡ್ಡ ಜಾಗೀರುಗಳಿಗೆ ತಮ್ಮದೇ ಕಂದಾಯ ಕಚೇರಿ ಇತ್ತು, ಸಣ್ಣವು ಕಾರಕೂನನ ಚೋಪಡಿಯ (ಲೆಕ್ಕದ ಪುಸ್ತಕದ) ಮೇಲೆ ನಡೆದವು. ಸರ್ಕಾರಿ ಸರ್ವೆ ತಡವಾಗಿ ಬಂದ ಊರುಗಳಲ್ಲಿ ಹಳೆಯ ಹೊಲದ ಹೆಸರುಗಳೇ ಇರುತ್ತವೆ, ನಂಬರು ಇರುವುದಿಲ್ಲ. ಅಂಥಲ್ಲಿ ಸರ್ವೆ ಬಂದ ವರ್ಷದ ಸೇತ್ವಾರನ್ನೇ ಮೊದಲ ಆಧಾರವಾಗಿ ಹಿಡಿದು, ಹೊಲದ ಹೆಸರು ಮತ್ತು ಚಕ್ಕುಬಂದಿಯಿಂದ ಹಿಂದಕ್ಕೆ ದಾರಿ ಮಾಡಿಕೊಳ್ಳಬೇಕು.

ಸೇತ್ವಾರು ಅಂದರೆ ಸರ್ವೆ ಬಂದೋಬಸ್ತಿನ ಮೂಲ ವಹಿ: ಸರ್ವೆ ನಂಬರು, ವಿಸ್ತೀರ್ಣ, ಖುಷ್ಕಿಯೋ (ಒಣಭೂಮಿ) ತರಿಯೋ (ನೀರಾವರಿ) ಬಾಗಾಯತೋ (ತೋಟ), ಮಣ್ಣಿನ ದರ್ಜೆ ಎಷ್ಟು ಆಣೆ, ಆಕಾರ (ಕಂದಾಯ) ಎಷ್ಟು, ಪಟ್ಟೇದಾರ ಯಾರು. ಒಂದನೇ ಸಾಲಾರ್ ಜಂಗ್ ದಿವಾನರಾಗಿದ್ದಾಗ 1865ರಲ್ಲಿ ಜಿಲ್ಲಾಬಂದಿ ಮಾಡಿ ಕಂದಾಯ ಗುತ್ತಿಗೆಯ ಕಾಲ ಮುಗಿಸಿದರು. ಮುಂದಿನ ದಶಕದಲ್ಲಿ ಮುಂಬೈ ಪದ್ಧತಿಯ ಸರ್ವೆ ಶುರುವಾಯಿತು. ಆಗ ಕೊಟ್ಟ ನಂಬರುಗಳ ಮೇಲೆಯೇ ಇಂದಿನ ಪಹಣಿ ನಿಂತಿದೆ. ಪುನಃ ಸರ್ವೆಯಾಗಿ ನಂಬರು ಬದಲಾದ ಊರುಗಳಿಗೆ ಹಳೆ ನಂಬರು, ಹೊಸ ನಂಬರಿನ ತಾಳೆಪಟ್ಟಿ ಸರ್ವೆ ಕಚೇರಿಯಲ್ಲಿ ಕೇಳಿ ಪಡೆಯಬೇಕು. ಅದಿಲ್ಲದೆ ಉರ್ದು ದಾಖಲೆಯಲ್ಲಿ ‘84’ ಸಿಕ್ಕಿತೆಂದು ಸಂತೋಷಪಟ್ಟರೆ ಬೇರೆಯವರ ಹೊಲದ ವಂಶಾವಳಿ ಬರೆದುಕೊಂಡು ಬಂದಂತಾಗುತ್ತದೆ. ಸೇತ್ವಾರಿನ ನಂತರದ ಬದಲಾವಣೆಗಳು ವರ್ಷವರ್ಷದ ಫೈಸಲ್ ಪಟ್ಟಿಯಲ್ಲಿ: ವಿರಾಸತ್, ರಾಜೀನಾಮೆ, ಹೊಸ ಮಂಜೂರಿ. ಕಂದಾಯ ಯಾರು ಕಟ್ಟಿದರು, ಎಷ್ಟು ಬಾಕಿ ಎಂಬುದು ವಸೂಲ್ ಬಾಕಿಯಲ್ಲಿ. ಪಹಣಿ ಕಳೆದುಹೋದ ವರ್ಷಗಳಿಗೆ ವಸೂಲ್ ಬಾಕಿ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹಣದ ಲೆಕ್ಕವಾದ್ದರಿಂದ ಅದನ್ನು ಜೋಪಾನವಾಗಿ ಇಡುತ್ತಿದ್ದರು.

ಓದುವ ಕಷ್ಟ ಇಲ್ಲಿಂದ ಶುರು. ತಹಸೀಲಿನ ಪುಸ್ತಕ ಉರ್ದು, ಅದರಲ್ಲೂ ಚುಕ್ಕಿ ಬಿಟ್ಟು ಬರೆಯುವ ಶಿಕಸ್ತಾ ಕೈ. ಹಳ್ಳಿಯ ಚೋಪಡಿ ಕನ್ನಡ, ಬೀದರ್ ಮತ್ತು ಆಳಂದದ ಕಡೆ ಮೋಡಿ ಲಿಪಿಯ ಮರಾಠಿ. 1948ರ ನಂತರ ಪಕ್ಕದ ಪ್ರಾಂತಗಳಿಂದ ಬಂದ ಅಧಿಕಾರಿಗಳ ಆದೇಶ ಇಂಗ್ಲಿಷಿನಲ್ಲಿ. ಒಂದೇ ಕಡತದಲ್ಲಿ ನಾಲ್ಕೂ ಇರಬಹುದು. ಹಣದ ಮೊತ್ತವನ್ನು ಅಂಕಿಯಲ್ಲಿ ಬರೆಯದೆ ‘ರಖಂ’ ಎಂಬ ಲೆಕ್ಕದ ಗುರುತುಗಳಲ್ಲಿ ಬರೆದಿರುತ್ತಾರೆ. ಉರ್ದು ಚೆನ್ನಾಗಿ ಬಲ್ಲವರಿಗೂ ಅದು ಬರುವುದಿಲ್ಲ, ಬೇರೆಯಾಗಿ ಕಲಿಯಬೇಕು. ಅಂಕಿಯಲ್ಲಿ ಏಳು ಎಂಟು ಒಂದನ್ನೊಂದು ತಲೆಕೆಳಗು ಮಾಡಿದಂತಿದ್ದು, ಮಸಿ ಹರಡಿದ ಹಾಳೆಯಲ್ಲಿ ಎರಡು ಮೂರು ಒಂದೇ ಥರ ಕಾಣುತ್ತವೆ. ಸಂಶಯ ಬಂದಾಗ ಹಿಂದಿನ ಮುಂದಿನ ಸರ್ವೆ ನಂಬರು ಓದಿ ಅನುಕ್ರಮದಿಂದ ಖಚಿತಪಡಿಸಿಕೊಳ್ಳುತ್ತೇವೆ.

ತಾರೀಖಿಗೂ ಲೆಕ್ಕವಿದೆ. ಹೈದರಾಬಾದಿನ ಸರ್ಕಾರಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಆಜರ್ ತಿಂಗಳ ಒಂದರಂದು ಶುರು. ಆಮೇಲೆ ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹ್ರೇವರ್, ಮೆಹರ್, ಆಬಾನ್. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಿಗೆ ಫಸಲಿಗೆ 590 ಕೂಡಬೇಕು, ಜನವರಿಯಿಂದ 591. ಹಾಗೆ 15 ಬಹಮನ್ 1351 ಎಂದರೆ 1941ರ ಡಿಸೆಂಬರ್, ಅದೇ ವರ್ಷದ ಖುರ್ದಾದ್ ಎಂದರೆ 1942ರ ಏಪ್ರಿಲ್ ಸುಮಾರು. ಎಲ್ಲಕ್ಕೂ 590 ಕೂಡಿದರೆ ಆರು ವರ್ಷದ ಸಾಗುವಳಿ ಐದಾಗಿಬಿಡುತ್ತದೆ, 34ನೇ ಕಲಂ ಕೈತಪ್ಪುತ್ತದೆ. ಪೊಲೀಸ್ ಕಾರ್ಯಾಚರಣೆ ನಡೆದದ್ದು 1357ರ ಕೊನೆಯ ತಿಂಗಳು ಆಬಾನಿನಲ್ಲಿ. ಹಾಗಾಗಿ 1357ರ ಪುಸ್ತಕ ನಿಜಾಮನ ಕಾಲದ್ದು, ಮೂರು ವಾರ ಕಳೆಯುವುದರೊಳಗೆ ತೆರೆದ 1358ರ ಪುಸ್ತಕ ಮಿಲಿಟರಿ ಗವರ್ನರ್ ಕಾಲದ್ದು. ಆದರೂ ನಮೂನೆಯಲ್ಲಿ ಬದಲಾವಣೆಯಿಲ್ಲ. ಜಾಗೀರು ರದ್ದತಿ ನಿಯಮವೂ 1358 ಫಸಲಿಯ ನಿಯಮವೆಂದೇ ಹೆಸರಾಯಿತು.

ನಾಣ್ಯದ ವಿಷಯ ಮರೆತರೆ ಆಕಾರದ ಲೆಕ್ಕ ತಪ್ಪುತ್ತದೆ. ಹಾಲಿ ಸಿಕ್ಕಾ ಎಂಬ ಹೈದರಾಬಾದಿನ ರೂಪಾಯಿ 116 ರೂ. 10 ಆಣೆ 8 ಪೈ ಕೊಟ್ಟರೆ 100 ಕಲ್ದಾರು (ಬ್ರಿಟಿಷ್ ಇಂಡಿಯಾದ) ರೂಪಾಯಿ, ಅಂದರೆ 7ಕ್ಕೆ 6. ನಿಜಾಮನ ಕಾಲದಲ್ಲಿ 14 ರೂಪಾಯಿ ಆಕಾರವಿದ್ದ ನಂಬರು ಐವತ್ತರ ದಶಕದ ಪುಸ್ತಕದಲ್ಲಿ 12 ರೂಪಾಯಿ ತೋರಿಸುತ್ತದೆ. ಅದನ್ನು ಕಂದಾಯ ಇಳಿಕೆಯೆಂದೋ, ಹೊಲದ ಒಂದು ತುಂಡು ಬೇರೆಯವರಿಗೆ ಹೋಗಿದೆಯೆಂದೋ ವಾದಿಸಿದ ಅರ್ಜಿಗಳು ನಮ್ಮ ಕಣ್ಣಿಗೆ ಬಿದ್ದಿವೆ. ಏಳರಿಂದ ಭಾಗಿಸಿ ಆರರಿಂದ ಗುಣಿಸಿದಾಗ ಹೊಸ ಅಂಕಿ ಸರಿಯಾಗಿ ಬಂದರೆ ಬದಲಾದದ್ದು ನಾಣ್ಯ ಮಾತ್ರ. ಬರದಿದ್ದರೆ ಆಗ ವಿಸ್ತೀರ್ಣ ನೋಡಬೇಕು.

ಇದೇ ಮುಂದುವರಿಕೆ ಬೇರೆ ಕಡೆಯೂ ಇದೆ. ರಾಯಚೂರಿನ ಹತ್ತಿ, ಶೇಂಗಾ ಮಾರುಕಟ್ಟೆಗಳು 1339 ಫಸಲಿಯ, ಅಂದರೆ 1930ರ ಮಾರುಕಟ್ಟೆ ಕಾನೂನಿನ ಕೆಳಗೆ ನಿಂತಿದ್ದವು. ಮೈಸೂರು ರಾಜ್ಯ 1966ರಲ್ಲಿ ತನ್ನ ಎಪಿಎಂಸಿ ಕಾನೂನು ಮಾಡುವವರೆಗೆ ಆ ಚೌಕಟ್ಟು ಉಳಿಯಿತು. 1941ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕು 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರಲ್ಲಿ ಎಸ್‌ಬಿಐಗೆ ಸೇರುವವರೆಗೂ ಈ ಭಾಗದ ರೈತರ ಬ್ಯಾಂಕಾಗಿತ್ತು. ಹಳೆಯ ಸಾಲದ ಅಡಮಾನ ಕಾಲಂ 11ರಲ್ಲಿ ಇದ್ದರೆ ಋಣಮುಕ್ತ ಪತ್ರವನ್ನು ಈಗ ಎಸ್‌ಬಿಐನಲ್ಲೇ ಕೇಳಬೇಕು.

ಎಲ್ಲ ಸರಿಯಾಗಿದ್ದೂ ದಾಖಲೆ ಸಿಗದಿದ್ದರೆ 1956ರ ಗಡಿ ನೋಡಿ. ಅದೇ ನವೆಂಬರ್ 1ರಂದು ಬೀದರ್ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು. ಗುಲಬರ್ಗಾದ ತಾಂಡೂರು, ಕೊಡಂಗಲ್, ರಾಯಚೂರಿನ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ಗಡಿಯ ಹತ್ತಿರದ ಊರು 1950ರಲ್ಲಿ ಈ ತಾಲೂಕುಗಳಲ್ಲಿ ಒಂದರ ಕೆಳಗಿದ್ದಿದ್ದರೆ ಅದರ ಫೈಸಲ್ ಪಟ್ಟಿ ಇಂದು ಲಾತೂರು, ವಿಕಾರಾಬಾದ್ ಅಥವಾ ಗದ್ವಾಲ ಜಿಲ್ಲೆಯ ಕಚೇರಿಯಲ್ಲಿ ಇರಬಹುದು. ಆದ್ದರಿಂದ ನಕಲಿನ ಅರ್ಜಿಯಲ್ಲಿ ಇಂದಿನ ತಾಲೂಕಿನ ಜೊತೆ ಹಳೆಯ ತಾಲೂಕು, ಹಳೆಯ ಜಿಲ್ಲೆ, ಫಸಲಿ ವರ್ಷ, ಪುಸ್ತಕದ ಹೆಸರು ನಾಲ್ಕನ್ನೂ ಬರೆಯಬೇಕು. ‘ಹಳೇ ದಾಖಲೆ ಕೊಡಿ’ ಎಂದು ಬರೆದ ಅರ್ಜಿಗೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುವುದು ಸಹಜ.

ನಕಲು ಕೇಳುವಾಗ ತೆರೆದ ಪುಸ್ತಕದ ಎಡಬಲ ಎರಡೂ ಪುಟ ಕೇಳಿ. ಖಾಸ್ರಾದಲ್ಲಿ ಪಟ್ಟೇದಾರ ಎಡಕ್ಕೂ ಸ್ವಾಧೀನದವನು ಬಲಕ್ಕೂ ಬರುವಂತೆ ಕಟ್ಟಿದ ಪುಸ್ತಕಗಳಿವೆ, ಒಂದೇ ಪುಟ ತಂದರೆ ಅರ್ಧ ಸಾಲು ಬಂದಂತೆ. ಉರ್ದು ಹಾಳೆಗೆ ಅನುವಾದ ಮಾಡಿಸುವಾಗ ಮೂಲದ ದೃಢೀಕೃತ ನಕಲೂ ಅನುವಾದವೂ ಒಟ್ಟಿಗೆ ಇರಬೇಕು. ಅನುವಾದಕರು ಫಸಲಿ ತಾರೀಖನ್ನು ಹಾಗೇ ಇಟ್ಟು ಇಸವಿಯನ್ನು ಪಕ್ಕದಲ್ಲಿ ಬರೆಯಬೇಕು, ಹಾಲಿ ಸಿಕ್ಕಾ ಮೊತ್ತವನ್ನು ಕಲ್ದಾರಿಗೆ ತಿರುಗಿಸಬಾರದು. ಹಾಗೆ ತಿರುಗಿಸಿದ ಅನುವಾದವನ್ನು ಎದುರು ಕಡೆಯ ವಕೀಲರು ಮೂಲಕ್ಕೆ ಹೊಂದುವುದಿಲ್ಲವೆಂದು ತಳ್ಳಿಹಾಕಿಸಬಲ್ಲರು. ಕಡತ ಕಟ್ಟುವಾಗ ಮಾತ್ರ ಕ್ರಮ ತಿರುಗಿಸಿ ಹಳೆಯದರಿಂದ ಇಂದಿಗೆ: ಸೇತ್ವಾರು, ಫೈಸಲ್ ಪಟ್ಟಿ, 1357ರ ಪಹಣಿ, ರಕ್ಷಿತ ಗೇಣಿದಾರರ ಪಟ್ಟಿ, ಖಾಸ್ರಾ, 1973-74ರ ಪಹಣಿ, ನಮೂನೆ 10 ಇದ್ದರೆ ಅದು, ಕೊನೆಯ ಕೈಬರಹದ ಪಹಣಿ, ಇಂದಿನ ಪಹಣಿ. ನಡುವೆ ಸಿಗದ ವರ್ಷವಿದ್ದರೆ ಅದರ ಜಾಗದಲ್ಲಿ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನೇ ಹಾಕಿ, ಆ ಅವಧಿಯ ವಸೂಲ್ ಬಾಕಿಯ ನಕಲನ್ನು ಅದರ ಬೆನ್ನಿಗೆ ಸೇರಿಸಿ.